ಹಾಡಿಗೊಂದು ಚಿತ್ರ ಹುಡುಕುವುದು

(ಅರಕೇರಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೊತ್ತು ಮುಳುಗುವುದರೊಳಗೆ ಮಾತು ಮುಗಿಸುತ್ತೇನೆ ಎಂದು ಮೊದಲೇ ಮಾತು ಕೊಡುತ್ತೇನೆ. ದ್ರಾಕ್ಷಿ ತೋಟದಿಂದ ನೇರವಾಗಿ ಬಂದು ಕುಳಿತವರಿದ್ದೀರಿ. ಮನೆಗೆ ಹೋಗಿ ಒಲೆ ಹೊತ್ತಿಸಬೇಕಾದವರಿದ್ದೀರಿ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಗಂಟೆ ಬಾರಿಸಿದರೂ ಮಾತು ನಿಲ್ಲಿಸದ ಕೆಟ್ಟ ಚಾಳಿ ನನಗಿದೆ. ಇಲ್ಲಿ ಗಂಟೆ ಬಾರಿಸುವವರು ಯಾರೂ ಇಲ್ಲ, ಆದ್ದರಿಂದ ನೀವೇ ಕೈ ಎತ್ತಿ ನಿಲ್ಲಿಸಬೇಕು.

ನೀವು ನನ್ನನ್ನು ಕರೆದದ್ದು ಕಾನೂನು ಹೇಳಲಿಕ್ಕಲ್ಲ, ಸಾಲದ ಲೆಕ್ಕ ಹೇಳಲಿಕ್ಕೂ ಅಲ್ಲ. ವರದಕ್ಷಿಣೆಯ ಮೇಲೆ ನೀವೇ ಕಟ್ಟಿಕೊಂಡ ಒಂದು ಹಾಡು ನಿಮ್ಮಲ್ಲಿದೆ. ವಾರದ ಸಭೆಯಲ್ಲಿ ಅದನ್ನು ಹಾಡುತ್ತೀರಿ. ಈಗ ನಿಮ್ಮಲ್ಲೊಬ್ಬರ ಮಗಳು, ವಿಜಯಪುರದಲ್ಲಿ ಓದುತ್ತಿರುವ ಹುಡುಗಿ, ಅದನ್ನು ಫೋನಿನಲ್ಲಿ ವೀಡಿಯೋ ಮಾಡಿ ಹತ್ತು ಊರಿಗೆ ಮುಟ್ಟಿಸೋಣ ಎಂದಿದ್ದಾಳೆ. ಹಾಡು ನಾಲ್ಕು ನಿಮಿಷದ್ದು. ಆ ನಾಲ್ಕು ನಿಮಿಷ ಏನು ತೋರಿಸಬೇಕು? ಇದು ನಿಮ್ಮ ಪ್ರಶ್ನೆ. "ಹಾಡು ನಮ್ಮ ಹಂತ್ಯಾಕ ಐತ್ರಿ, ಚಿತ್ರ ಎಲ್ಲಿಂದ ತರೂದ್ರಿ?" ಎಂದು ಫೋನಿನಲ್ಲಿ ಒಬ್ಬಾಕೆ ಕೇಳಿದರು. ಇಷ್ಟು ಸರಿಯಾದ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳೂ ಕೇಳಿದ್ದು ಕಡಿಮೆ.

ನಾನು ಬಂದ ಮೇಲೆ ನೀವು ಒಂದು ಪಟ್ಟಿಯನ್ನೂ ಓದಿದಿರಿ. ಗಂಡಿನವರು ಜೀಪಿನಲ್ಲಿ ಇಳಿಯುವುದು, ಅಪ್ಪ ನೋಟು ಎಣಿಸುವುದು, ಹುಡುಗಿ ಅಳುವುದು, ಅತ್ತೆ ಕೂದಲು ಹಿಡಿದು ಎಳೆಯುವುದು, ಸೀಮೆಎಣ್ಣೆ ಡಬ್ಬಿ, ಬೆಂಕಿ, ಪೊಲೀಸರು. ಪಟ್ಟಿ ಕೇಳಿ ನಾನು ಸುಮ್ಮನಾದೆ. ನಿಮಗೆ ಬೇಸರವಾಯಿತೇನೋ. ಸುಮ್ಮನಾದದ್ದಕ್ಕೆ ಕಾರಣವಿದೆ. ಇದೇ ಪಟ್ಟಿಯನ್ನು ನಾನೂ ಒಮ್ಮೆ ಮಾಡಿದ್ದೆ.

1994ರಲ್ಲಿ ಕಾಲೇಜಿನ ವಾರ್ಷಿಕ ಸಮ್ಮೇಳನಕ್ಕೆ ವರದಕ್ಷಿಣೆಯ ಮೇಲೆ ಒಂದು ಗೀತರೂಪಕ ಮಾಡಿಸಿದೆ. ಹಾಡನ್ನು ಬರೆದವಳೂ ನಾನೇ, ಹುಡುಗಿಯರಿಗೆ ಹೆಜ್ಜೆ ಹೇಳಿಕೊಟ್ಟವಳೂ ನಾನೇ. ಕೊನೆಯಲ್ಲಿ ಸೀಮೆಎಣ್ಣೆ ಡಬ್ಬಿ ಬಂತು. ದೀಪಕ್ಕೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ಬೆಂಕಿ ತೋರಿಸಿದೆವು. ಸೊಸೆಯ ಪಾತ್ರ ಮಾಡಿದ ಹುಡುಗಿ ಚೆನ್ನಾಗಿ ಚೀರಿದಳು. ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ, ಆಮೇಲೆ ಚಪ್ಪಾಳೆ. ನನಗೆ ಬಹಳ ಹೆಮ್ಮೆಯಾಗಿತ್ತು.

ಚಪ್ಪಾಳೆಯ ನಡುವೆ ನಾಲ್ಕನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ಹೊರಗೆ ಹೋದಳು. ಬಿ.ಎ. ಮೊದಲ ವರ್ಷದ ಹುಡುಗಿ. ಎರಡು ವಾರ ಕಾಲೇಜಿಗೆ ಬರಲಿಲ್ಲ. ಆಕೆಯ ಅಕ್ಕ ಗಂಡನ ಮನೆಯಲ್ಲಿ ಸುಟ್ಟುಕೊಂಡು ಸತ್ತಿದ್ದಳೆಂದು ನನಗೆ ಯಾರೋ ಆಮೇಲೆ ಹೇಳಿದರು. ಸುಟ್ಟುಕೊಂಡಳೋ ಸುಟ್ಟರೋ, ಅದು ಕೋರ್ಟಿನಲ್ಲೂ ತೀರ್ಮಾನವಾಗಿರಲಿಲ್ಲ. ಹುಡುಗಿ ವಾಪಸು ಬಂದ ಮೇಲೆ ಕ್ಷಮೆ ಕೇಳಲು ಸ್ಟಾಫ್ ರೂಮಿಗೆ ಕರೆದೆ. ಆಕೆ ನನ್ನ ಮೇಲೆ ಸಿಟ್ಟಾಗಲಿಲ್ಲ. ಇಷ್ಟೇ ಹೇಳಿದಳು: "ನಮ್ಮಕ್ಕ ಭಾಳ ಚೊಲೊ ರಂಗೋಲಿ ಹಾಕ್ತಿದ್ಳರಿ ಮೇಡಮ್. ಅಕಿ ಸತ್ತದ್ದಷ್ಟ ಎಲ್ಲಾರಿಗೂ ನೆನಪೈತಿ. ರಂಗೋಲಿ ಯಾರೂ ನೆನಸಂಗಿಲ್ಲ."

ಆ ದಿನದಿಂದ ನನಗೆ ಗೊತ್ತಾದದ್ದನ್ನೇ ಇವತ್ತು ಹೇಳಲು ಬಂದಿದ್ದೇನೆ. ಹೊಡೆತ ತೋರಿಸುವುದು ಸುಲಭ. ಹೊಡೆತ ಎಲ್ಲರಿಗೂ ಗೊತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ ಮದುವೆಯಾದ ಹೆಣ್ಣುಮಕ್ಕಳನ್ನು ಕೇಳಿದಾಗ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಇಲ್ಲಿ ಕುಳಿತವರಿಗೆ ಹೊಡೆತ ಹೇಗಿರುತ್ತದೆ ಎಂದು ಚಿತ್ರ ತೆಗೆದು ತಿಳಿಸಬೇಕಾಗಿಲ್ಲ. ಹೊಡೆಯುವವನಿಗಂತೂ ಅದು ಇನ್ನೂ ಚೆನ್ನಾಗಿ ಗೊತ್ತು. ಹಾಗಾದರೆ ಯಾರಿಗೆ ತೋರಿಸುತ್ತಿದ್ದೇವೆ? ಆ ಹೆಣ್ಣುಮಗಳು ಯಾರಾಗಿದ್ದಳು, ಅವಳ ಕೈಯಲ್ಲಿ ಏನು ವಿದ್ಯೆ ಇತ್ತು, ಮರುದಿನ ಅವಳು ಏನು ಮಾಡಿದಳು, ಇದನ್ನು ತೋರಿಸುವುದು ಕಷ್ಟ. ಚಿತ್ರ ಹುಡುಕಬೇಕಾದದ್ದು ಅಲ್ಲಿಯೇ.

ಇದನ್ನು ನಾನೊಬ್ಬಳೇ ಹೇಳುತ್ತಿಲ್ಲ. ಹಿಂದಿಯಲ್ಲಿ ಒಂದು ಹಾಡಿನ ವೀಡಿಯೋ ಬಂದಿತ್ತು. ನಿಮ್ಮಲ್ಲಿ ವಯಸ್ಸಾದವರು ಟಿ.ವಿ.ಯಲ್ಲಿ ನೋಡಿದ್ದರೂ ನೋಡಿರಬಹುದು. 'ಮನ್ ಕೇ ಮಂಜೀರೇ' ಎಂದು ಅದರ ಹೆಸರು. ಮನಸ್ಸಿನ ತಾಳ ಎಂದುಕೊಳ್ಳಿ. ಮಹಿಳೆಯರ ಮೇಲಿನ ದೌರ್ಜನ್ಯದ ವಿರುದ್ಧ ಕೆಲಸ ಮಾಡುವ 'ಬ್ರೇಕ್‌ಥ್ರೂ' ಎಂಬ ಸಂಸ್ಥೆಯನ್ನು ಆಗ ತಾನೇ ಕಟ್ಟಿದ್ದ ಮಲ್ಲಿಕಾ ದತ್ ಅವರು 2000ದ ಹೊತ್ತಿಗೆ ಈ ಹಾಡುಗಳ ಕ್ಯಾಸೆಟ್ ತಂದರು. ಬರೆದವರು ಪ್ರಸೂನ್ ಜೋಷಿ, ರಾಗ ಹಾಕಿದವರು ಶಾಂತನು ಮೊಯಿತ್ರಾ, ಹಾಡಿದವರು ಶುಭಾ ಮುದ್ಗಲ್.

ಕೌಟುಂಬಿಕ ಹಿಂಸೆಯ ಮೇಲೆ ಹಾಡು ಮಾಡುತ್ತೇವೆ ಎಂದ ಕೂಡಲೇ ಎಲ್ಲರೂ ಏನು ತೋರಿಸುತ್ತಾರೆ? ನಿಮ್ಮ ಪಟ್ಟಿಯಲ್ಲಿ ಇರುವುದನ್ನು, ನನ್ನ 1994ರ ಪಟ್ಟಿಯಲ್ಲಿ ಇದ್ದುದನ್ನು. ಅವರು ಹಾಗೆ ಮಾಡಲಿಲ್ಲ. ಹೊಡೆಯುವ ಗಂಡನನ್ನು ಬಿಟ್ಟು ಹೊರಬಂದು ಟ್ರಕ್ ಓಡಿಸಿ ಹೊಟ್ಟೆ ಹೊರೆದ ಒಬ್ಬ ನಿಜವಾದ ಹೆಣ್ಣುಮಗಳ ಬದುಕನ್ನು ಹಿಡಿದುಕೊಂಡರು. ನಟಿ ಮೀತಾ ವಸಿಷ್ಠ ಆ ಪಾತ್ರ ಮಾಡಿದರು. ವೀಡಿಯೋದಲ್ಲಿ ನಿಮ್ಮ ಕಣ್ಣಿಗೆ ಕಾಣುವುದು ಸ್ಟಿಯರಿಂಗ್ ಮೇಲಿನ ಕೈ, ಮುಂದೆ ಬಿದ್ದ ಉದ್ದನೆಯ ರಸ್ತೆ, ಹಿಂದೆ ಟ್ರಕ್ಕಿನಲ್ಲಿ ಹಾಡಿ ಕುಣಿಯುವ ಹೆಂಗಸರು. ಆಕೆ ಏನನ್ನು ಬಿಟ್ಟು ಬಂದಳು ಎಂಬುದು ತಿಳಿಯುತ್ತದೆ, ಆದರೆ ಚಿತ್ರ ಅಲ್ಲಿ ನಿಂತು ಅಳುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಟಿ.ವಿ.ಯಲ್ಲಿ ಬೇರೆ ಹಾಡುಗಳ ಜೊತೆಯಲ್ಲೇ ಅದೂ ಬಂತು. ಜನ ಚಾನೆಲ್ ಬದಲಾಯಿಸಲಿಲ್ಲ. 2001ರಲ್ಲಿ ಅದಕ್ಕೆ ಸ್ಕ್ರೀನ್ ಪ್ರಶಸ್ತಿಯೂ ಬಂತು.

ನಾನು ಮೊದಲು ನೋಡಿದಾಗ ನನಗೆ ಸ್ವಲ್ಪ ಅನುಮಾನವೇ ಆಯಿತು, ಮುಚ್ಚಿಡುವುದಿಲ್ಲ. ಇಷ್ಟು ಚೆಂದ ಯಾಕೆ? ಗಂಡನನ್ನು ಬಿಟ್ಟವಳು ಹೀಗೆ ಗಾಳಿಗೆ ಕೂದಲು ಬಿಟ್ಟು ಟ್ರಕ್ ಓಡಿಸುತ್ತಾಳೆಯೇ, ಬಾಡಿಗೆ ಮನೆ ಹುಡುಕುತ್ತಾ ಅಲೆಯುತ್ತಾಳೆಯೇ ಎಂದು ನನ್ನ ಮೇಷ್ಟ್ರಗಿತ್ತಿ ಬುದ್ಧಿ ಕೇಳಿತು. ಈಗಲೂ ಆ ಅನುಮಾನ ಪೂರ್ತಿ ಹೋಗಿಲ್ಲ. ಆದರೆ ನನ್ನ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಹೆಣ್ಣುಮಗಳು ಅದನ್ನು ನೋಡಿ, "ಅಕಿ ಲೈಸನ್ಸ್ ಎಲ್ಲಿ ತಗೊಂಡ್ಳರಿ?" ಎಂದು ಕೇಳಿದಳು. ನಾನು ಚೆಂದ ನೋಡುತ್ತಿದ್ದೆ, ಆಕೆ ದಾರಿ ನೋಡುತ್ತಿದ್ದಳು. ನನ್ನ ಗೀತರೂಪಕ ನೋಡಿದವರು ಯಾರಾದರೂ ಇಂಥ ಒಂದು ಪ್ರಶ್ನೆ ಕೇಳಿದ್ದರೇ? ಇಲ್ಲ. ಅಯ್ಯೋ ಪಾಪ ಎಂದರು, ಹೋದರು.

ಅದೇ ಸಂಸ್ಥೆಯವರು 2008ರಲ್ಲಿ 'ಬೆಲ್ ಬಜಾವೋ' ಎಂಬ ಪ್ರಚಾರ ಶುರು ಮಾಡಿದರು. ಬೆಲ್ ಬಾರಿಸಿರಿ ಎಂದು ಅರ್ಥ. ನಮ್ಮ ಕರ್ನಾಟಕದಲ್ಲೂ ಅದು ನಡೆಯಿತು. ಅವು ಹಾಡಲ್ಲ, ಟಿ.ವಿ.ಗಾಗಿ ಮಾಡಿದ ಪುಟ್ಟ ಪುಟ್ಟ ಚಿತ್ರಗಳು. ಒಂದರಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಒಂದು ಮನೆಯೊಳಗಿನಿಂದ ಬಯ್ಯುವ, ಹೊಡೆಯುವ ಸದ್ದು ಬರುತ್ತದೆ. ಒಬ್ಬ ಹುಡುಗ ಹೋಗಿ ಬೆಲ್ ಬಾರಿಸಿ ನಮ್ಮ ಚೆಂಡು ಬಂದಿದೆಯೇ ಎಂದು ಕೇಳುತ್ತಾನೆ. ಚೆಂಡು ಒಂದು ನೆಪ ಅಷ್ಟೇ. ಕೇಳಿಸಿದೆ ನಮಗೆ ಎಂದು ಒಳಗಿನವನಿಗೆ ಗೊತ್ತಾಗುತ್ತದೆ. ಇನ್ನೊಂದರಲ್ಲಿ ಪಕ್ಕದ ಮನೆಯವನು ಒಂದು ಕಪ್ಪು ಹಾಲು ಕೇಳುವ ನೆಪ ಮಾಡುತ್ತಾನೆ. ಹೆಂಗಸಿನ ಮುಖದ ಮೇಲೆ ಬಾಸುಂಡೆ ತೋರಿಸಿ ಹೆದರಿಸಲಿಲ್ಲ. ಮುಚ್ಚಿದ ಬಾಗಿಲು, ಒಳಗಿನ ಸದ್ದು, ಹೊರಗಿನ ಒಬ್ಬ ಮನುಷ್ಯ. ಇಷ್ಟರಲ್ಲೇ ಮುಗಿಯಿತು.

ನಮ್ಮೂರ ಮನೆಗಳಿಗೆ ಬೆಲ್ ಎಲ್ಲಿದೆ ಎನ್ನುತ್ತೀರಿ. ಬೇಡ. ಚಿಲಕ ಇದೆಯಲ್ಲ? ಬಾಗಿಲ ಚಿಲಕ ಬಡಿದು "ಯವ್ವಾ, ಒಂದೀಟು ಹೆಪ್ಪಿಗೆ ಮಜ್ಜಿಗಿ ಕೊಡ" ಎಂದು ಕೇಳುವುದು ನಮ್ಮ ಬೆಲ್. ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಜಗಳ ತಪ್ಪಿಸಿದ ಮುದುಕಿಯರು ಎಷ್ಟು ಮಂದಿ ನಿಮ್ಮ ಓಣಿಯಲ್ಲಿ ಇದ್ದಾರೆ, ನೆನಪು ಮಾಡಿಕೊಳ್ಳಿ. ಅವರಿಗೆ ಯಾವ ಸಂಸ್ಥೆಯೂ ಹೇಳಿಕೊಟ್ಟಿರಲಿಲ್ಲ. ನೋಡಿ, ಒಂದು ಚಿತ್ರ ಸಿಕ್ಕಿತು.

ಚಿತ್ರ ಕಣ್ಣಿನಿಂದ ಮಾತ್ರ ಸಿಗುವುದಿಲ್ಲ, ಕಿವಿಯಿಂದಲೂ ಸಿಗುತ್ತದೆ. ಹಾಡಿನ ವೀಡಿಯೋ ಮಾಡುವವರು ಮೊದಲು ಕಣ್ಣು ಮುಚ್ಚಿ ಕುಳಿತುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಜಿಲ್ಲೆಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕೇಳುವ ಸದ್ದು ಯಾವುದು? ರೊಟ್ಟಿ ಬಡಿಯುವ ಸದ್ದು. ಬಿಳಿಜೋಳದ ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು. ಓಣಿಯಲ್ಲಿ ನಡೆದರೆ ಒಂದೊಂದು ಮನೆಯದು ಒಂದೊಂದು ತಾಳ. ಇಂಥವರ ರೊಟ್ಟಿ ಎಂದು ಸದ್ದಿನಲ್ಲೇ ಹೇಳುವ ಮುದುಕಿಯರನ್ನು ನಾನು ನೋಡಿದ್ದೇನೆ. ಬಡಿಯುವುದು ಎಂಬ ಮಾತನ್ನೂ ಗಮನಿಸಿ. ರೊಟ್ಟಿಯನ್ನೂ ಬಡಿಯುತ್ತೇವೆ, ಹೆಂಡತಿಯನ್ನೂ ಬಡಿಯುತ್ತಾರೆ. ಎರಡಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತು.

ಈಗ ಹೀಗೆ ಯೋಚಿಸಿ. ಹಾಡಿಗೆ ತಬಲಾ, ಕೀಬೋರ್ಡು ಏನೂ ಬೇಡ. ರೊಟ್ಟಿ ಬಡಿಯುವ ಸದ್ದೇ ತಾಳ. ಓಣಿಯ ಮುಚ್ಚಿದ ಬಾಗಿಲುಗಳು ಒಂದೊಂದಾಗಿ ಕಾಣುತ್ತವೆ, ಒಂದೊಂದರ ಹಿಂದೆಯೂ ಆ ಸದ್ದು. ಒಂದು ಬಾಗಿಲಿನ ಹಿಂದೆ ತಾಳ ತಪ್ಪುತ್ತದೆ. ನಿಲ್ಲುತ್ತದೆ. ಪಕ್ಕದ ಮನೆಯ ಕೈಯೂ ಹಿಟ್ಟಿನ ಮೇಲೆ ಹಾಗೇ ನಿಲ್ಲುತ್ತದೆ. ಆಕೆ ಕೇಳಿಸಿಕೊಳ್ಳುತ್ತಿದ್ದಾಳೆ. ಅತ್ತಲಾಗಿನ ಮನೆಯಲ್ಲೂ ನಿಲ್ಲುತ್ತದೆ. ಇಡೀ ಓಣಿಯಲ್ಲಿ ರೊಟ್ಟಿಯ ಸದ್ದಿಲ್ಲ. ಆಮೇಲೆ ಚಿಲಕದ ಸದ್ದು. ಹಿಟ್ಟು ಮೆತ್ತಿದ ಒಂದು ಕೈ ಚಿಲಕ ಬಡಿಯುತ್ತದೆ, ಇನ್ನೊಂದು ಕೈ, ಮತ್ತೊಂದು ಕೈ. ಇದರಲ್ಲಿ ಹೊಡೆತ ಎಲ್ಲಿಯೂ ಕಾಣಲಿಲ್ಲ, ಆದರೆ ನೋಡಿದವರಿಗೆ ಕಂಡೇ ಕಾಣುತ್ತದೆ.

ಇದನ್ನೇ ಮಾಡಿರಿ ಎಂದು ನಾನು ಹೇಳುವುದಿಲ್ಲ. ಇದು ನನಗೆ ಹೊಳೆದದ್ದು. ನಿಮಗೆ ಬೇರೆಯದು ಹೊಳೆಯಬೇಕು. ಹೊಳೆಯುವುದೆಂದರೆ ಆಕಾಶದಿಂದ ಬೀಳುವುದಲ್ಲ. ದಿನಾ ನೋಡಿದ್ದನ್ನೇ ಒಂದು ದಿನ ನಿಂತು ನೋಡುವುದು.

ನಮ್ಮ ಹಿರಿಯರು ಮಾಡಿದ್ದು ಇದನ್ನೇ. ಹಲಸಂಗಿ ಗೊತ್ತಲ್ಲ? ಹಲಸಂಗಿ ಬಳಗದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಬರೆದುಕೊಂಡರು. 'ಗರತಿಯ ಹಾಡು' ಎಂದು ಪುಸ್ತಕವಾಗಿ 1931ರಲ್ಲಿ ಅದು ಬಂತು. ನಾನು ಎಂ.ಎ. ಓದುವಾಗ ಆ ಪುಸ್ತಕ ಓದಿದ್ದು. ಓದಿದಾಗ ಆದ ಆಶ್ಚರ್ಯ ಏನೆಂದರೆ, ಇವು ನಮ್ಮ ಅಜ್ಜಿ ಬೀಸುವಾಗ ಹಾಡುತ್ತಿದ್ದಂಥವೇ! ಆಗ ನಾನು ನಿದ್ದೆ ಕೆಡುತ್ತದೆಂದು ಬಯ್ಯುತ್ತಿದ್ದೆ. ಬೀಸುವ ಕಲ್ಲು ಒಂದು ಸುತ್ತು ತಿರುಗುವುದಕ್ಕೆ ಸರಿಯಾಗಿ ಮಾತು ಕೂಡಿಸಿದವರು ಅವರು. ಗಂಡನ ಮನೆಯಲ್ಲಿ ಬಾಯಿ ಬಿಟ್ಟು ಹೇಳಲಾಗದ್ದನ್ನು ಕಲ್ಲಿನ ಸದ್ದಿನ ಮರೆಯಲ್ಲಿ ಹಾಡಿದರು. ಅತ್ತೆಗೆ ಕೇಳಿದರೂ ಅದು ಹಾಡು, ದೂರಲ್ಲ. ಕಲ್ಲು ಹೋಗಿ ಗಿರಣಿ ಬಂತು. ಹಿಟ್ಟು ಸಲೀಸಾಯಿತು, ಒಳ್ಳೆಯದೇ ಆಯಿತು, ರಟ್ಟೆ ಉಳಿಯಿತು. ಆದರೆ ಆ ಮರೆ ಹೋಯಿತು.

'ಕೆರೆಗೆ ಹಾರ' ನಿಮಗೆಲ್ಲ ಗೊತ್ತು. ಶಾಲೆ ಓದದವರಿಗೂ ಗೊತ್ತು. ಊರಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಸೊಸೆಯನ್ನು ಆಹಾರ ಕೊಡಬೇಕು ಎಂದಾಯಿತು. ಕಿರಿ ಸೊಸೆ ಭಾಗೀರಥಿಯ ಪಾಲಿಗೆ ಅದು ಬಂತು. ಅವಳ ಗಂಡ ದಂಡಿಗೆ ಹೋಗಿದ್ದ. ತವರಿಗೆ ಹೋದಳು. ಅಪ್ಪ ಯಾಕವ್ವ ಕಣ್ಣೀರು ಎಂದು ಕೇಳಿದರೆ ನಿಜ ಹೇಳಲಿಕ್ಕೆ ಬಾಯಿ ಬರಲಿಲ್ಲ. ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದಳು. ಅಪ್ಪ ಹೊಲಮನೆಯ ಮಾತಾಡಿ ಸಮಾಧಾನ ಮಾಡಿದ. ಗೆಳತಿಗೆ ಮಾತ್ರ ನಿಜ ಹೇಳಿದಳು, ಗೆಳತಿಯೂ ಹೋಗಬೇಡ ಎನ್ನಲಿಲ್ಲ. ಕೊನೆಗೆ ಕೆರೆಯಲ್ಲಿ ಪೂಜೆ ಮುಗಿಸಿ ಎಲ್ಲರೂ ತಿರುಗಿದಾಗ ಮರೆತ ಬಂಗಾರದ ಬಟ್ಟಲು ತರಲು ಇವಳೇ ಇಳಿಯುತ್ತಾಳೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ. ಪಾದಕ್ಕೆ, ನಡುವಿಗೆ, ಎದೆಗೆ.

ಇದನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ತ್ಯಾಗದ ಕತೆ ಎಂದು ಪಾಠ ಮಾಡಿದೆ. ಪರೀಕ್ಷೆಯಲ್ಲಿ "ಭಾಗೀರಥಿಯ ತ್ಯಾಗವನ್ನು ವಿವರಿಸಿ" ಎಂದು ಪ್ರಶ್ನೆ ಹಾಕಿದೆ. ಈಗ ಪ್ರಶ್ನೆ ಬದಲಾಗಿದೆ. ಈ ಹಾಡಿಗೆ ನೀವು ಚಿತ್ರ ತೆಗೆಯುವುದಾದರೆ ಫೋನು ಹಿಡಿದವಳು ಎಲ್ಲಿ ನಿಲ್ಲುತ್ತೀರಿ? ದಂಡೆಯ ಮೇಲೆ ಮಾವನ ಪಕ್ಕದಲ್ಲಿ ನಿಂತರೆ ನೀರು ಬಂತಲ್ಲ ಎಂಬ ಸಂತೋಷ ಕಾಣುತ್ತದೆ. ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ನಿಂತರೆ ದಂಡೆಯ ಮೇಲಿನ ಜನರ ಬೆನ್ನು ಕಾಣುತ್ತದೆ. ಹಾಡು ಒಂದೇ, ನೀರೂ ಒಂದೇ. ನಿರ್ದೇಶನ ಎಂದು ದೊಡ್ಡ ಮಾತಿನಲ್ಲಿ ಕರೆಯುವುದು ಬಹುಪಾಲು ಇದನ್ನೇ, ಎಲ್ಲಿ ನಿಲ್ಲುತ್ತೇವೆ ಎಂಬುದನ್ನು. ನಿಮ್ಮ ಪಟ್ಟಿಯಲ್ಲಿ ಅತ್ತೆ ಕೂದಲು ಹಿಡಿದು ಎಳೆಯುವುದನ್ನು ಯಾರು ನೋಡುತ್ತಿದ್ದಾರೆ? ದೂರದಲ್ಲಿ ನಿಂತ ಯಾರೋ. ತಮಾಷೆ ನೋಡುವವರ ಜಾಗದಲ್ಲಿ ನಿಂತು ತೆಗೆದರೆ ಅದೂ ತಮಾಷೆಯೇ ಆಗುತ್ತದೆ.

ಈಗ ಯೂಟ್ಯೂಬಿನಲ್ಲಿ ನಮ್ಮ ಕಡೆಯ ಜಾನಪದ ಎಂದು ಹಾಕುತ್ತಾರಲ್ಲ, ಡಿಜೆ ಹಾಡುಗಳು, ಅವುಗಳ ಬಗ್ಗೆಯೂ ಒಂದು ಮಾತು. ನನಗೆ ಸಿಟ್ಟಿದೆ. ಹುಡುಗ ಟ್ರ್ಯಾಕ್ಟರ್ ಮೇಲೆ, ಬೈಕಿನ ಮೇಲೆ ಬರುತ್ತಾನೆ, ಕೈಕೊಟ್ಟ ಹುಡುಗಿಯನ್ನು ಬಯ್ಯುತ್ತಾನೆ. ಇಂಥ ಹಾಡುಗಳು ಬಹಳ. ಆದರೆ ಒಂದು ಒಪ್ಪಿಕೊಳ್ಳಬೇಕು. ಆ ಹುಡುಗರು ನಮ್ಮ ಮಾತಿನಲ್ಲೇ ಹಾಡುತ್ತಾರೆ, ನಮ್ಮ ಹೊಲದಲ್ಲೇ ಚಿತ್ರ ತೆಗೆಯುತ್ತಾರೆ. ಯಾರ ಅಪ್ಪಣೆಗೂ ಕಾಯುವುದಿಲ್ಲ. ಆ ಧೈರ್ಯ ಮಾತ್ರ ಅವರಿಂದ ಕಲಿಯಬೇಕು. ಗೋಳಗುಮ್ಮಟದಲ್ಲಿ ತೆಗೆಯೋಣ ಎಂದು ಒಬ್ಬರು ಆಗ ಹೇಳಿದಿರಿ. ಪಿಸುಗುಟ್ಟಿದರೂ ಆ ಬದಿಗೆ ಕೇಳುತ್ತದೆ, ಹೆಣ್ಣಿನ ಮಾತಿಗೆ ಹೋಲಿಕೆ ಚೆನ್ನಾಗಿದೆ, ಒಪ್ಪಿದೆ. ಆದರೆ ಅಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಮೇಲಾಗಿ ದಿನವಿಡೀ ಮಕ್ಕಳು ಕೂಗುತ್ತಿರುತ್ತಾರೆ. ಅರಕೇರಿಯ ಓಣಿ ಸಾಕು. ಅಮೋಘಸಿದ್ಧನ ಗುಡಿಯ ಡೊಳ್ಳಿನ ಸದ್ದು ನಿಮಗೆ ಹತ್ತಿರದ್ದು, ತಾಂಡಾದ ಅಕ್ಕಂದಿರ ಕನ್ನಡಿ ಕಸೂತಿ ಹತ್ತಿರದ್ದು.

ಕನ್ನಡಿ ಕಸೂತಿ ಎಂದಾಗ ನೆನಪಾಯಿತು. ಒಂದು ಲಂಬಾಣಿ ಕುಬಸದ ಹತ್ತಾರು ಚೂರು ಕನ್ನಡಿಗಳಲ್ಲಿ ಒಂದೇ ಮುಖ ಹತ್ತಾರು ಆಗಿ ಕಾಣುವುದನ್ನು ಯಾರಾದರೂ ಹತ್ತಿರದಿಂದ ತೆಗೆದು ನೋಡಿ. ಪಂಚಮಿಯದೂ ಹಾಗೆಯೇ. ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಊರಿಗೆಲ್ಲ ಜೋಕಾಲಿ. ಒಂದು ಮನೆಯ ಜೋಕಾಲಿ ಮಾತ್ರ ಗಾಳಿಗೆ ತಾನೇ ತೂಗುತ್ತಿದೆ. ಬಾಕಿ ಉಳಿದ ಐದು ತೊಲೆ ಬಂಗಾರ ಕೊಡುವವರೆಗೆ ಅವಳನ್ನು ಕಳಿಸಿಲ್ಲ. ಇದಕ್ಕೆ ಒಂದು ಮಾತೂ ಬೇಡ, ಖಾಲಿ ಜೋಕಾಲಿ ಸಾಕು. ವರದಕ್ಷಿಣೆ ಎಂದರೆ ನೋಟು ಎಣಿಸುವುದು ಒಂದೇ ಅಲ್ಲವಲ್ಲ.

ಇನ್ನು ನಾನು ಹೇಳಲೇಬೇಕಾದ ಒಂದು ಮಾತಿದೆ. ಇದಕ್ಕಾಗಿಯೇ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ.

ನಿಮ್ಮ ಸಂಘದ ಒಬ್ಬ ಹುಡುಗಿ ಗಂಡನ ಮನೆಯಿಂದ ಮಗುವನ್ನು ಕಟ್ಟಿಕೊಂಡು ಬಂದಿದ್ದಾಳೆ. "ಅಕಿ ಕತಿನ ತಗದಬಿಡೂಣ್ರಿ, ಅದರಕಿಂತಾ ಖರೇ ಕತಿ ಎಲ್ಲಿ ಸಿಗತೈತಿ?" ಎಂದು ನಿಮ್ಮಲ್ಲಿ ಇಬ್ಬರು ಮೂವರು ಹೇಳಿದಿರಿ. ಆ ಹುಡುಗಿ ಇವತ್ತು ಸಭೆಗೆ ಬಂದಿಲ್ಲ. ಬಂದಿಲ್ಲದ್ದನ್ನು ಗಮನಿಸಿದಿರಾ?

ಅವಳ ಪ್ರಕರಣ ಕೋರ್ಟಿನಲ್ಲಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಕೆಳಗೆ ಅವಳು ಅರ್ಜಿ ಹಾಕಿದ್ದಾಳೆ. ನೀವು ಊರಿನ ಹೆಸರು, ಅವಳ ಹೆಸರು ಎರಡನ್ನೂ ಹಾಕದಿದ್ದರೂ ಹತ್ತು ಹಳ್ಳಿಯಲ್ಲಿ ಇದು ಯಾರ ಕತೆ ಎಂದು ಗೊತ್ತಾಗುತ್ತದೆ. ವೀಡಿಯೋ ಗಂಡನ ಫೋನಿಗೂ ಹೋಗುತ್ತದೆ, ಅವನ ವಕೀಲರ ಫೋನಿಗೂ ಹೋಗುತ್ತದೆ. ನೀವು ಹಾಡಿನ ಚೆಂದಕ್ಕೆ ಸೇರಿಸಿದ ಒಂದು ದೃಶ್ಯ, ನಡೆಯದೇ ಇದ್ದದ್ದು, ಅದನ್ನು ಹಿಡಿದುಕೊಂಡು ಇವಳು ಹೇಳುವುದೆಲ್ಲ ಸುಳ್ಳು ಎಂದರೆ? ಅವಳ ಮಗು ನಾಳೆ ಶಾಲೆಗೆ ಹೋಗುತ್ತದೆ. ನಾಲ್ಕನೆಯ ಸಾಲಿನಿಂದ ಎದ್ದು ಹೋದ ನನ್ನ ಹುಡುಗಿಯ ಹಾಗೆ ಆ ಮಗುವೂ ಒಂದು ದಿನ ಎದ್ದು ಹೋಗಬೇಕಾದೀತು.

ಆದ್ದರಿಂದ ಸ್ಫೂರ್ತಿ ಅವಳಿಂದ ಬರಲಿ, ಕತೆ ಅವಳದು ಆಗದಿರಲಿ. ಅವಳನ್ನೇ ಕೇಳಿ: ನೀನು ಏನು ನೋಡಲು ಇಷ್ಟಪಡುತ್ತೀ? ಬಹುಶಃ ನೀವು ನೆನೆಸದ ಉತ್ತರ ಬರುತ್ತದೆ. ಅವಳ ಬದುಕಿನ ಒಂದು ಎಳೆಯನ್ನೇನಾದರೂ ತೆಗೆದುಕೊಂಡರೆ, ತೆಗೆಯುವ ಮೊದಲೂ ಕೇಳಿ, ತೆಗೆದು ಮುಗಿದ ಮೇಲೆ ಮೊದಲು ಅವಳಿಗೇ ತೋರಿಸಿ ಮತ್ತೊಮ್ಮೆ ಕೇಳಿ. ಬೇಡ ಎಂದಳೋ, ಅಳಿಸಿಬಿಡಿ. ಎಷ್ಟು ದಿನದ ಕೆಲಸವಾದರೂ ಸರಿ. ಮೊದಲು ಒಪ್ಪಿ ಆಮೇಲೆ ಬೇಡ ಎನ್ನುವ ಹಕ್ಕು ಅವಳಿಗಿದೆ. ಮದುವೆಯ ವಿಷಯದಲ್ಲಿ ಅವಳಿಗೆ ಆ ಹಕ್ಕನ್ನು ಯಾರೂ ಕೊಡಲಿಲ್ಲ.

ಪಾತ್ರ ಮಾಡುವವರ ಮಾತೂ ಇದೆ. "ಫೋನಿನ್ಯಾಗ ಕುಣದ್ಲು" ಎಂದು ಮನೆಯಲ್ಲಿ ಹೊಡೆಸಿಕೊಳ್ಳುವ ಹೆಣ್ಣುಮಕ್ಕಳು ನಿಮ್ಮಲ್ಲೇ ಇದ್ದಾರೆ. ಹೊಡೆತದ ವಿರುದ್ಧ ಹಾಡು ಮಾಡಲು ಹೋಗಿ ಯಾರಿಗೂ ಹೊಡೆತ ಬೀಳಬಾರದು. ಕೈ ತೋರಿಸಿ, ಪಾದ ತೋರಿಸಿ, ಬಾಗಿಲು ತೋರಿಸಿ. ಆದರೆ ಇದರಲ್ಲೂ ನನಗೆ ಒಂದು ಕಸಿವಿಸಿ. ಮುಖವಿಲ್ಲದ ಹೆಣ್ಣನ್ನೇ ತೋರಿಸುತ್ತಾ ಹೋದರೆ, ಮುಖ ಮುಚ್ಚಿಕೊಳ್ಳಬೇಕಾದವಳು ಅವಳೇ ಎಂದಂತಾಗುವುದಿಲ್ಲವೇ? ಆದ್ದರಿಂದ ಯಾರಿಗೆ ಧೈರ್ಯವಿದೆಯೋ, ಯಾರ ಮನೆಯಲ್ಲಿ ಅಡ್ಡಿಯಿಲ್ಲವೋ, ಅಂಥ ಒಬ್ಬಿಬ್ಬರ ಮುಖವನ್ನು ಹತ್ತಿರದಿಂದ, ನೇರವಾಗಿ ಕಣ್ಣಿಗೆ ಕಣ್ಣಿಟ್ಟು ತೆಗೆಯಿರಿ. ಎಪ್ಪತ್ತು ದಾಟಿದ ಆಯಿಗಳು ಇದಕ್ಕೆ ಸರಿ. ಅವರನ್ನು ಬಯ್ಯುವವರು ಯಾರೂ ಉಳಿದಿರುವುದಿಲ್ಲ.

ಕೆಲಸದ ಮಾತು ಬೇಗ ಹೇಳುತ್ತೇನೆ. ನಾಲ್ಕು ನಿಮಿಷ ಎಂದರೆ 240 ಸೆಕೆಂಡು. ಒಂದೊಂದು ಚಿತ್ರ ಆರು ಸೆಕೆಂಡು ನಿಂತರೂ ನಲವತ್ತು ಚಿತ್ರ ಬೇಕು. ನಲವತ್ತನ್ನು ಮೊದಲು ಹಾಳೆಯ ಮೇಲೆ ಗೀಚಿ, ಚಿತ್ರ ಬರೆಯಲು ಬರದಿದ್ದರೆ ರಂಗೋಲಿಯ ಹಾಗೆ ಚುಕ್ಕಿ ಗೆರೆ ಸಾಕು. ಫೋನನ್ನು ಅಡ್ಡ ಹಿಡಿಯಿರಿ. ನಡುಹಗಲಿನ ಬಿಸಿಲು ನಮ್ಮ ಕಡೆ ಮುಖವನ್ನು ಕಪ್ಪು ಮಾಡುತ್ತದೆ, ಹೊತ್ತು ಹುಟ್ಟಿದ ಮೇಲಿನ ಒಂದೂವರೆ ಗಂಟೆ, ಮುಳುಗುವ ಮೊದಲಿನ ಒಂದು ಗಂಟೆ ಒಳ್ಳೆಯದು. ಹಾಡನ್ನು ಗಾಳಿ ಇಲ್ಲದ ಕೋಣೆಯಲ್ಲಿ, ಗೋಡೆಗೆ ಕೌದಿ ಇಳಿಬಿಟ್ಟು ಮೊದಲೇ ರೆಕಾರ್ಡು ಮಾಡಿಕೊಳ್ಳಿ. ಚಿತ್ರ ತೆಗೆಯುವಾಗ ಅದನ್ನು ಜೋರಾಗಿ ಹಚ್ಚಿ, ಹಾಡುವವರ ತುಟಿ ಕೂಡುತ್ತದೆ. ಸಿನಿಮಾದ ಧಾಟಿ ಬೇಡ. ನಿಮ್ಮದೇ ಧಾಟಿ ಇದೆ, ಇನ್ನೊಬ್ಬರದನ್ನು ಹಾಕಿದರೆ ಯೂಟ್ಯೂಬಿನವರು ತೆಗೆದುಹಾಕಬಹುದು. ಕೊನೆಯಲ್ಲಿ 181, ಮಹಿಳಾ ಸಹಾಯವಾಣಿಯ ಸಂಖ್ಯೆ, ಓದುವಷ್ಟು ಹೊತ್ತು ನಿಲ್ಲಲಿ. ಓದು ಬಾರದವರಿಗಾಗಿ ಒಬ್ಬರು ಅದನ್ನು ಬಾಯಿಂದಲೂ ಹೇಳಲಿ.

ಪೆಟ್ಟಿಗೆಯಲ್ಲಿ ದುಡ್ಡು ಎಷ್ಟಿದೆ ಎಂದು ಕೇಳಬೇಡಿ, ಇದಕ್ಕೆ ದುಡ್ಡು ಬೇಡ. ಎಡಿಟಿಂಗ್ ಆ ಹುಡುಗಿ ಫೋನಿನಲ್ಲೇ ಮಾಡುತ್ತಾಳಂತೆ. ಅವಳ ಪರೀಕ್ಷೆ ಮುಗಿಯುವವರೆಗೆ ಕಾಯಿರಿ, ಅಷ್ಟೇ.

ಸಭೆಗೆ ಮೊದಲು ನಾನು ನಿಮ್ಮನ್ನು ಒಂದು ಕೇಳಿದ್ದೆ: ನಿಮ್ಮ ಓಣಿಯಲ್ಲಿ ತೀರಿಕೊಂಡ ಅಥವಾ ಊರು ಬಿಟ್ಟು ಹೋದ ಒಬ್ಬ ಹೆಣ್ಣುಮಗಳ ಕೈ ಏನು ಮಾಡುವುದರಲ್ಲಿ ಜಾಣ ಆಗಿತ್ತು, ಹೇಳಿ ಎಂದು. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನ ಒಬ್ಬಾಕೆ, "ಅಕಿ ಶೇಂಗಾ ಹೋಳಿಗಿ ಹರೀದಂಗ ಲಟ್ಟಸ್ತಿದ್ಳು" ಎಂದರು. ಇನ್ನೊಬ್ಬರು, "ಎಮ್ಮಿ ಯಾರಿಗೂ ಹಾಲು ಕೊಡ್ತಿರಲಿಲ್ಲ, ಅಕಿಗಷ್ಟ ಕೊಡ್ತಿತ್ತು" ಎಂದರು. ಒಬ್ಬಾಕೆ ಹೇಳಲು ಬಾಯಿ ತೆರೆದು ಅಲ್ಲಿಗೇ ನಿಲ್ಲಿಸಿ ಸೆರಗು ಬಾಯಿಗಿಟ್ಟುಕೊಂಡರು. ನಾನು ಹನ್ನೊಂದು ಬರೆದುಕೊಂಡಿದ್ದೇನೆ. ಹೆಸರು ಯಾವುದನ್ನೂ ಬರೆದಿಲ್ಲ. ಈ ಚೀಟಿಯನ್ನು ನಿಮ್ಮ ಸಂಘದ ಪುಸ್ತಕದಲ್ಲಿ ಇಟ್ಟು ಹೋಗುತ್ತೇನೆ. ನಲವತ್ತರಲ್ಲಿ ಹನ್ನೊಂದು ಚಿತ್ರ ಅಲ್ಲಿಯೇ ಇವೆ.

ನಾಳೆ ಬೆಳಿಗ್ಗೆ ಆ ಹುಡುಗಿ ಊರಿನಲ್ಲೇ ಇರುತ್ತಾಳಂತೆ. ರೊಟ್ಟಿ ಬಡಿಯುವ ಹೊತ್ತಿಗೆ ಅವಳು ಫೋನು ಹಿಡಿದು ಓಣಿಯಲ್ಲಿ ಕೂರಲಿ. ಚಿತ್ರ ತೆಗೆಯುವುದು ಬೇಡ, ಸದ್ದನ್ನಷ್ಟೇ ತೆಗೆದುಕೊಳ್ಳಲಿ. ಯಾರ ಮನೆಯಲ್ಲಿ ಮೊದಲು ಒಲೆ ಹೊತ್ತುತ್ತದೆ ಎಂದು ಅವಳಿಗೆ ಈಗಲೇ ಹೇಳಿಬಿಡಿ.